ವರ್ಚುವಲ್ ಟೇಪ್, ಭೌತಿಕ ಡ್ರೈವ್: ಯಾವುದನ್ನು ಯಾವುದಕ್ಕೆ ಹೊಂದಿಸಬೇಕು?

ವರ್ಚುವಲ್ ಟೇಪ್ ಲೈಬ್ರರಿ ಎಂದರೆ ದತ್ತಾಂಶವನ್ನು ಡಿಸ್ಕ್‌ನಲ್ಲಿ ಇಟ್ಟುಕೊಂಡು, ಬ್ಯಾಕಪ್ ತಂತ್ರಾಂಶದ ಕಣ್ಣಿಗೆ ಟೇಪ್ ಲೈಬ್ರರಿಯಂತೆ ಕಾಣುವ ವ್ಯವಸ್ಥೆ. ಅದನ್ನು ಮೊದಲ ಸಲ ಸಜ್ಜುಗೊಳಿಸುವಾಗ ಅದು ಕೇಳುವ ಪ್ರಶ್ನೆಗಳು ನೋಡಲು ಸಣ್ಣವು. ಯಾವ ಡ್ರೈವ್‌ನ ರೂಪ ತಾಳಬೇಕು? ಒಂದು ಟೇಪ್ ಎಷ್ಟು ದೊಡ್ಡದಿರಬೇಕು? ಡ್ರೈವ್‌ಗಳು ಎಷ್ಟು? ಬಾರ್‌ಕೋಡ್ ಎಲ್ಲಿಂದ ಶುರು? ಬಹಳ ಮಂದಿ ಪಕ್ಕದ ರ‍್ಯಾಕ್‌ನಲ್ಲಿರುವ ಭೌತಿಕ ಡ್ರೈವ್ ನೋಡಿ ಅದರ ಅಂಕಿಗಳನ್ನೇ ತುಂಬಿಬಿಡುತ್ತಾರೆ. ಅಲ್ಲಿ ಎಲ್‌ಟಿಒ-8 (ಎಲ್‌ಟಿಒ ಎಂಬ ಟೇಪ್ ಮಾದರಿಯ ಎಂಟನೆಯ ತಲೆಮಾರು) ಇದ್ದರೆ ಇಲ್ಲೂ ಎಲ್‌ಟಿಒ-8, 12 ಟಿಬಿ. ಇನ್ನು ಕೆಲವರು ತಯಾರಕರು ಇಟ್ಟ ಮೌಲ್ಯಗಳನ್ನು ಮುಟ್ಟುವುದೇ ಇಲ್ಲ. ಎರಡೂ ಬಗೆಯ ವ್ಯವಸ್ಥೆ ಕೆಲವು ತಿಂಗಳು ಸುಸೂತ್ರವಾಗಿ ನಡೆಯುತ್ತದೆ. ತೊಂದರೆ ತಲೆಯೆತ್ತುವುದು ಮೊದಲ ಟೇಪ್ ಪೂರ್ತಿ ತುಂಬಿದ ದಿನ ಅಥವಾ ದತ್ತಾಂಶವನ್ನು ಮರಳಿ ಪಡೆಯಲೇಬೇಕಾದ ದಿನ.

ಹಾಗಾದರೆ ಎಲ್ಲವನ್ನೂ ಹೊಂದಿಸಬೇಕೇ, ಏನನ್ನೂ ಹೊಂದಿಸದಿದ್ದರೂ ನಡೆಯುತ್ತದೆಯೇ? ಈ ಗೊಂದಲಕ್ಕೆ ನನ್ನ ಉತ್ತರ ಒಂದು ಮರುಪ್ರಶ್ನೆಯಿಂದ ಶುರುವಾಗುತ್ತದೆ: ಭೌತಿಕ ಟೇಪ್‌ಗೆ ಬರೆಯುವವರು ಯಾರು?

ಬರೆಯುವವರು ಯಾರು?

ವರ್ಚುವಲ್ ಟೇಪ್‌ನಿಂದ ಭೌತಿಕ ಟೇಪ್‌ಗೆ ನಕಲು ಎರಡು ಬಗೆಯಲ್ಲಿ ಆಗುತ್ತದೆ. ಒಂದರಲ್ಲಿ, ವರ್ಚುವಲ್ ಲೈಬ್ರರಿಯ ಬೆನ್ನಿಗೇ ಭೌತಿಕ ಲೈಬ್ರರಿಯನ್ನು ಜೋಡಿಸಿರುತ್ತಾರೆ. ವರ್ಚುವಲ್ ಲೈಬ್ರರಿ ತನ್ನ ಟೇಪೊಂದನ್ನು ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಒಂದು ಕಾರ್ಟ್ರಿಡ್ಜ್‌ಗೆ, ಅಂದರೆ ಭೌತಿಕ ಟೇಪ್‌ನ ಡಬ್ಬಿಗೆ, ಇಳಿಸುತ್ತದೆ. ಇದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತಾರೆ. ಬ್ಯಾಕಪ್ ತಂತ್ರಾಂಶಕ್ಕೆ ಇದರ ಸುಳಿವೇ ಇರುವುದಿಲ್ಲ. ಯಾವ ಬ್ಯಾಕಪ್ ಯಾವ ಟೇಪ್‌ನಲ್ಲಿದೆ ಎಂದು ಅದು ಬರೆದಿಡುವ ಕ್ಯಾಟಲಾಗ್‌ನಲ್ಲಿ ಇರುವುದು ಒಂದೇ ಟೇಪ್, ಒಂದೇ ಬಾರ್‌ಕೋಡ್.

ಇನ್ನೊಂದರಲ್ಲಿ ಬ್ಯಾಕಪ್ ತಂತ್ರಾಂಶವೇ ವರ್ಚುವಲ್ ಟೇಪನ್ನು ಓದಿ, ತನ್ನ ಕೈಕೆಳಗಿರುವ ಭೌತಿಕ ಡ್ರೈವ್‌ಗೆ ಬರೆಯುತ್ತದೆ. ಕ್ಯಾಟಲಾಗ್‌ನಲ್ಲಿ ಎರಡು ಪ್ರತಿಗಳು ಬೇರೆ ಬೇರೆಯಾಗಿ ದಾಖಲಾಗುತ್ತವೆ: ಮೊದಲನೆಯದು ಈ ವರ್ಚುವಲ್ ಟೇಪ್‌ನಲ್ಲಿ, ಎರಡನೆಯದು ಆ ಕಾರ್ಟ್ರಿಡ್ಜ್‌ನಲ್ಲಿ. ಎಷ್ಟು ಕಾಲ ಉಳಿಸಬೇಕೆಂಬ ಅವಧಿಯನ್ನು ಎರಡಕ್ಕೂ ಬೇರೆ ಬೇರೆ ಇಡಬಹುದು, ಹತ್ತು ವರ್ಚುವಲ್ ಟೇಪ್‌ಗಳ ಸರಕನ್ನು ಒಂದೇ ಕಾರ್ಟ್ರಿಡ್ಜ್‌ಗೆ ಪೇರಿಸಬಹುದು.

ಮೊದಲ ದಾರಿಯಲ್ಲಿ ಗಾತ್ರ, ಬಾರ್‌ಕೋಡ್, ಬ್ಲಾಕ್ (ಒಂದು ಸಲಕ್ಕೆ ಬರೆಯುವ ದತ್ತಾಂಶದ ತುಂಡು), ಟೇಪ್‌ನ ತಲೆಮಾರು ಎಲ್ಲವೂ ಹೊಂದಲೇಬೇಕು. ಎರಡನೆಯದರಲ್ಲಿ ಗಾತ್ರವನ್ನು ಹೊಂದಿಸುವುದು ವ್ಯರ್ಥ ಮಾತ್ರವಲ್ಲ, ಎಷ್ಟೋ ಸಲ ಹಾನಿಕರ. ಇದನ್ನು ತೀರ್ಮಾನಿಸದೆ ಸಂರಚನೆಯ ಪುಟ ತೆರೆಯುವುದರಲ್ಲಿ ಅರ್ಥವಿಲ್ಲ.

ಯಾವುದನ್ನು ತೂಗಿ ನೋಡಬೇಕು

ನಾನು ಐದು ವಿಷಯಗಳನ್ನು ನೋಡುತ್ತೇನೆ. ಎಲ್ಲಕ್ಕಿಂತ ಮೊದಲನೆಯದು, ವರ್ಚುವಲ್ ಲೈಬ್ರರಿಯೇ ಸುಟ್ಟುಹೋದರೆ ಅಥವಾ ಸುಲಿಗೆ ತಂತ್ರಾಂಶದ ದಾಳಿಗೆ ತುತ್ತಾದರೆ, ಕೈಯಲ್ಲಿರುವ ಕಾರ್ಟ್ರಿಡ್ಜ್‌ಗಳಿಂದ ಮಾತ್ರವೇ ದತ್ತಾಂಶ ಮರಳಿ ಸಿಗುತ್ತದೆಯೇ ಎಂಬುದು. ಭೌತಿಕ ಟೇಪ್ ಇಟ್ಟುಕೊಳ್ಳುವುದೇ ಆ ದಿನಕ್ಕಾಗಿ. ಉಳಿದ ನಾಲ್ಕನ್ನೂ ಇದರ ಕೆಳಗೆ ಇಡಬೇಕು.

ಎರಡನೆಯದು ಸಮಯ. ಎಲ್‌ಟಿಒ-8ರ ಪೂರ್ಣ ಎತ್ತರದ ಡ್ರೈವ್ ಕಂಪ್ರೆಷನ್ (ದತ್ತಾಂಶವನ್ನು ಕುಗ್ಗಿಸುವುದು) ಇಲ್ಲದೆ ಸೆಕೆಂಡಿಗೆ 360 ಎಂಬಿ ಬರೆಯುತ್ತದೆ. ಆ ವೇಗ ಒಂದು ಕ್ಷಣವೂ ಕುಗ್ಗದಿದ್ದರೂ 12 ಟಿಬಿ ತುಂಬಲು ಒಂಬತ್ತು ಗಂಟೆಗೂ ಹೆಚ್ಚು ಬೇಕು. ಎಲ್‌ಟಿಒ-9ರಲ್ಲಿ 18 ಟಿಬಿಗೆ, ಸೆಕೆಂಡಿಗೆ 400 ಎಂಬಿಯಂತೆ, ಹನ್ನೆರಡೂವರೆ ಗಂಟೆ. ರಾತ್ರಿ ಬ್ಯಾಕಪ್ ಮುಗಿದು ಬೆಳಿಗ್ಗೆ ಟೇಪ್ ಹೊರಗೆ ಹೋಗಬೇಕೆಂದರೆ ಈ ಲೆಕ್ಕ ಮೊದಲೇ ಗೊತ್ತಿರಬೇಕು.

ಮೂರನೆಯದು ಅವಧಿ ಮುಗಿದ ಬ್ಯಾಕಪ್‌ಗಳು ಹಿಡಿದ ಡಿಸ್ಕ್ ಜಾಗ ಎಷ್ಟು ಬೇಗ ಮರಳುತ್ತದೆ ಎಂಬುದು. ನಾಲ್ಕನೆಯದು ಒಂದೇ ಹೊತ್ತಿಗೆ ಓಡಬೇಕಾದ ಕೆಲಸಗಳ ಸಂಖ್ಯೆ. ಕೊನೆಯದು ಹಣ. ಡಿಸ್ಕ್, ಕಾರ್ಟ್ರಿಡ್ಜ್, ಡ್ರೈವ್ ಇವುಗಳ ಜೊತೆ ಬ್ಯಾಕಪ್ ತಂತ್ರಾಂಶದ ಪರವಾನಗಿಯನ್ನೂ ಸೇರಿಸಿ ನೋಡಬೇಕು, ಏಕೆಂದರೆ ಕೆಲವು ಪರವಾನಗಿಗಳು ಡ್ರೈವ್‌ಗಳ ಲೆಕ್ಕದಲ್ಲಿ ಇರುತ್ತವೆ. ಅಂಥ ಕಡೆ ವರ್ಚುವಲ್ ಡ್ರೈವ್‌ಗಳನ್ನು ಧಾರಾಳವಾಗಿ ಹೆಚ್ಚಿಸಿಕೊಂಡರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಮೊದಲ ದಾರಿ: ತದ್ರೂಪು

ಎಕ್ಸ್‌ಪೋರ್ಟ್‌ನ ದೊಡ್ಡ ಅನುಕೂಲವೆಂದರೆ ಬ್ಯಾಕಪ್ ಸರ್ವರ್‌ಗೆ ನಕಲಿಸುವ ಹೊರೆ ಇರುವುದಿಲ್ಲ. ವರ್ಚುವಲ್ ಲೈಬ್ರರಿ ತನ್ನ ಡಿಸ್ಕ್‌ನಿಂದ ನೇರವಾಗಿ ಟೇಪ್‌ಗೆ ಸುರಿಯುತ್ತದೆ. ನೆಟ್‌ವರ್ಕ್ ಮೇಲೂ ಭಾರವಿಲ್ಲ. ದಿನಕ್ಕೆ ಹತ್ತಾರು ಟಿಬಿ ಹೊರಗೆ ಕಳುಹಿಸುವವರಿಗೆ ಇದು ಸಣ್ಣ ಸೌಲಭ್ಯವಲ್ಲ. ಆದರೆ ಇದು ಇಡಿಯಾಗಿ ಇಳಿಸುವ ವಿಧಾನ. ಒಂದು ವರ್ಚುವಲ್ ಟೇಪ್‌ನಲ್ಲಿ ಇರುವುದೆಲ್ಲ ಒಂದು ಕಾರ್ಟ್ರಿಡ್ಜ್‌ನಲ್ಲಿ ಹಿಡಿಯಲೇಬೇಕು. ಹಿಡಿಯದಿದ್ದರೆ ಉಳಿದದ್ದನ್ನು ಇನ್ನೊಂದಕ್ಕೆ ಹೊರಳಿಸಲಾಗದು, ಏಕೆಂದರೆ ಕ್ಯಾಟಲಾಗ್‌ಗೆ ಗೊತ್ತಿರುವುದು ಒಂದೇ ಬಾರ್‌ಕೋಡ್.

ಇಲ್ಲಿ ಅತಿ ಹೆಚ್ಚು ಜನ ಎಡವುವುದು ಗಾತ್ರದ ಲೆಕ್ಕದಲ್ಲಿ. ಕಾರ್ಟ್ರಿಡ್ಜ್ ಮೇಲೆ ಅಚ್ಚಾದ 12 ಟಿಬಿ ಎಂದರೆ ಸಾವಿರದ ಲೆಕ್ಕದ ಟಿಬಿ, ಅಂದರೆ ಹನ್ನೆರಡು ಲಕ್ಷ ಕೋಟಿ ಬೈಟ್. ಹಲವು ವರ್ಚುವಲ್ ಲೈಬ್ರರಿಗಳು ಲೆಕ್ಕ ಹಾಕುವುದು 1024ರ ಮಡಿಕೆಯಲ್ಲಿ, ಅಂದರೆ ಟೆಬಿಬೈಟ್‌ನಲ್ಲಿ. ಪರದೆಯ ಮೇಲೆ ಮಾತ್ರ ಅದನ್ನೂ ಟಿಬಿ ಎಂದೇ ತೋರಿಸಿರಬಹುದು. ಆ ಜಾಗದಲ್ಲಿ 12 ಎಂದು ತುಂಬಿದರೆ ತಯಾರಾಗುವುದು 13.19 ಟಿಬಿಯ ಟೇಪ್. ಕಾರ್ಟ್ರಿಡ್ಜ್‌ಗಿಂತ ಸುಮಾರು 1.2 ಟಿಬಿ ದೊಡ್ಡದು.

ಈ ತಪ್ಪು ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ದಾಖಲೆಗಳು, ಇಮೇಲ್, ಸಾಮಾನ್ಯ ಡೇಟಾಬೇಸ್‌ಗಳು ಇರುವಷ್ಟು ದಿನ ಡ್ರೈವ್‌ನ ಕಂಪ್ರೆಷನ್ ಆ ಹೆಚ್ಚುವರಿಯನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. 13 ಟಿಬಿ ಹತ್ತಕ್ಕೆ ಇಳಿದು, ಕಾರ್ಟ್ರಿಡ್ಜ್‌ನಲ್ಲಿ ಜಾಗ ಮಿಕ್ಕಿರುತ್ತದೆ. ಮುಂದೊಂದು ದಿನ ವಿಡಿಯೊ ಸಂಗ್ರಹವೋ ಎನ್‌ಕ್ರಿಪ್ಟ್ ಆದ ಡೇಟಾಬೇಸೋ ಬ್ಯಾಕಪ್ ಪಟ್ಟಿಗೆ ಸೇರುತ್ತದೆ. ಅದು ಕುಗ್ಗುವ ಸರಕಲ್ಲ. ಅಂದಿನ ಎಕ್ಸ್‌ಪೋರ್ಟ್ ಒಂಬತ್ತು ಗಂಟೆ ಓಡಿ, ಟೇಪ್ ಮುಗಿಯಿತೆಂದು ನಿಂತುಬಿಡುತ್ತದೆ. ಸಂರಚನೆ ಬದಲಾಗಿಲ್ಲ, ಡ್ರೈವ್ ಸರಿಯಿದೆ, ಕಾರ್ಟ್ರಿಡ್ಜ್ ಹೊಸದು. ಕಾರಣ ಹುಡುಕುವವರು ಎಲ್ಲೆಲ್ಲೋ ಅಲೆಯುತ್ತಾರೆ.

ಹಾಗಾಗಿ ನನ್ನ ಸಲಹೆ ಸರಳ. ಕಂಪ್ರೆಷನ್ ಇಲ್ಲದ ಗಾತ್ರದ ಅಂಕಿಯನ್ನು ತೆಗೆದುಕೊಂಡು, ಅದರ ಆರರಲ್ಲಿ ಐದು ಪಾಲನ್ನು 1024ರ ಲೆಕ್ಕದ ಘಟಕದಲ್ಲಿ ತುಂಬಿ. ಎಲ್‌ಟಿಒ-7ರ 6 ಟಿಬಿಗೆ 5 ಟೆಬಿಬೈಟ್. ಎಲ್‌ಟಿಒ-8ರ 12ಕ್ಕೆ 10. ಎಲ್‌ಟಿಒ-9ರ 18ಕ್ಕೆ 15. ಹೀಗೆ ಮಾಡಿದರೆ ಪ್ರತಿ ತಲೆಮಾರಿನಲ್ಲೂ ಕಾರ್ಟ್ರಿಡ್ಜ್‌ನ ಶೇ. 91.6ರಷ್ಟು ಬಳಕೆಯಾಗಿ ಶೇ. ಎಂಟರಷ್ಟು ಮೀಸಲು ಉಳಿಯುತ್ತದೆ. ಆ ಮೀಸಲು ಅನಗತ್ಯವೆಂದು ಅನಿಸಬಹುದು. ಟೇಪ್ ಹಳೆಯದಾದಂತೆ ಕೆಟ್ಟ ಜಾಗಗಳಲ್ಲಿ ಡ್ರೈವ್ ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಪ್ರತಿ ಮರುಬರಹವೂ ಒಂದಿಷ್ಟು ಟೇಪನ್ನು ತಿನ್ನುತ್ತದೆ. ಮೀಸಲು ಇರುವುದು ಅದಕ್ಕೆ. ಎಲ್‌ಟಿಒ-6ರ 2.5 ಟಿಬಿಗೆ 2100 ಗಿಬಿಬೈಟ್ ಇಟ್ಟರೆ ಸರಿಹೋಗುತ್ತದೆ.

ಈ ಲೆಕ್ಕಕ್ಕೆ ಒಂದು ಷರತ್ತಿದೆ. ವರ್ಚುವಲ್ ಟೇಪ್‌ನ ಗಾತ್ರವನ್ನು ಲೈಬ್ರರಿ ಅಳೆಯುವುದು ಸರ್ವರ್ ಕಳುಹಿಸಿದ ಮೂಲ ಬೈಟ್‌ಗಳಲ್ಲೋ, ತಾನು ಕಂಪ್ರೆಸ್ ಮಾಡಿದ ನಂತರದ ಬೈಟ್‌ಗಳಲ್ಲೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎರಡನೆಯದಾದರೆ 10 ಟೆಬಿಬೈಟ್‌ನ ವರ್ಚುವಲ್ ಟೇಪ್‌ನಲ್ಲಿ 20 ಟೆಬಿಬೈಟ್ ಮೂಲ ದತ್ತಾಂಶ ಕುಳಿತಿರಬಹುದು. ಎಕ್ಸ್‌ಪೋರ್ಟ್ ಮಾಡುವಾಗ ಅದು ಬಿಚ್ಚಿಕೊಂಡು ಡ್ರೈವ್‌ಗೆ ಹೋಗುತ್ತದೆ, ಡ್ರೈವ್ ತನ್ನದೇ ವಿಧಾನದಲ್ಲಿ ಮತ್ತೆ ಕುಗ್ಗಿಸುತ್ತದೆ. ಎರಡರ ಕುಗ್ಗುವಿಕೆಯ ಪ್ರಮಾಣ ಒಂದೇ ಆಗಿರುತ್ತದೆಂಬ ಭರವಸೆ ಯಾರೂ ಕೊಡಲಾರರು. ಎಕ್ಸ್‌ಪೋರ್ಟ್ ಆಗಬೇಕಾದ ಟೇಪ್‌ಗಳಿಗೆ ವರ್ಚುವಲ್ ಡ್ರೈವ್‌ನ ಕಂಪ್ರೆಷನ್ ನಿಲ್ಲಿಸಿ, ಭೌತಿಕ ಡ್ರೈವ್‌ನದನ್ನು ಮಾತ್ರ ಇಟ್ಟುಕೊಳ್ಳುವುದೇ ಕ್ಷೇಮ.

ಬಾರ್‌ಕೋಡ್ ವಿಷಯಕ್ಕೆ ಬರೋಣ. ಎಲ್‌ಟಿಒ ಬಾರ್‌ಕೋಡ್‌ನಲ್ಲಿ ಸಾಮಾನ್ಯವಾಗಿ ಎಂಟು ಅಕ್ಷರಗಳಿರುತ್ತವೆ: ಆರು ಗುರುತಿಗೆ, ಕೊನೆಯ ಎರಡು ಟೇಪ್‌ನ ಬಗೆಗೆ. ಎಲ್‌ಟಿಒ-7ಕ್ಕೆ ಎಲ್7, ಎಂಟಕ್ಕೆ ಎಲ್8, ಹೀಗೆ. ಎಕ್ಸ್‌ಪೋರ್ಟ್‌ನಲ್ಲಿ ವರ್ಚುವಲ್ ಟೇಪ್ ಮತ್ತು ಕಾರ್ಟ್ರಿಡ್ಜ್‌ನ ಗುರುತು ಒಂದೇ ಆಗಿರಬೇಕು. ಆದ್ದರಿಂದ ಮೊದಲು ಭೌತಿಕ ಲೈಬ್ರರಿಗೆ ಖಾಲಿ ಕಾರ್ಟ್ರಿಡ್ಜ್‌ಗಳನ್ನು ತುಂಬಿ, ಅವುಗಳ ಬಾರ್‌ಕೋಡ್ ನೋಡಿಕೊಂಡು ಅದೇ ಹೆಸರಿನ ವರ್ಚುವಲ್ ಟೇಪ್‌ಗಳನ್ನು ಸೃಷ್ಟಿಸುವುದು ಒಳ್ಳೆಯ ಕ್ರಮ. ಕೆಲವು ಲೈಬ್ರರಿಗಳು ಎಂಟು ಅಕ್ಷರವನ್ನೂ ವರದಿ ಮಾಡುತ್ತವೆ, ಕೆಲವು ಆರನ್ನು ಮಾತ್ರ. ಎರಡೂ ಕಡೆ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ, ಮರಳಿ ಪಡೆಯುವ ದಿನ ಬ್ಯಾಕಪ್ ತಂತ್ರಾಂಶ ತನ್ನ ಎದುರಿಗೇ ಇರುವ ಕಾರ್ಟ್ರಿಡ್ಜನ್ನು ಗುರುತಿಸದೆ ಇನ್ನೊಂದನ್ನು ಕೇಳುತ್ತದೆ.

ತಲೆಮಾರುಗಳ ನಡುವಿನ ಹೊಂದಾಣಿಕೆ ಮೊದಲಿನಷ್ಟು ಉದಾರವಾಗಿ ಉಳಿದಿಲ್ಲ. ಎಲ್‌ಟಿಒ-7ರವರೆಗಿನ ಡ್ರೈವ್‌ಗಳು ಎರಡು ತಲೆಮಾರು ಹಿಂದಿನದನ್ನು ಓದುತ್ತಿದ್ದವು, ಒಂದು ತಲೆಮಾರು ಹಿಂದಿನದಕ್ಕೆ ಬರೆಯುತ್ತಿದ್ದವು. ಎಲ್‌ಟಿಒ-8 ಡ್ರೈವ್‌ಗೆ ಏಳು ಮತ್ತು ಎಂಟು ಮಾತ್ರ ಗೊತ್ತು, ಆರನ್ನು ಓದುವುದೂ ಇಲ್ಲ. ಎಲ್‌ಟಿಒ-9 ಎಂಟನ್ನು ಒಪ್ಪುತ್ತದೆ, ಏಳನ್ನು ಒಪ್ಪುವುದಿಲ್ಲ. 2025ರಲ್ಲಿ ಬಂದ ಎಲ್‌ಟಿಒ-10 ತನ್ನ ತಲೆಮಾರಿನ ಟೇಪನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಎಲ್‌ಟಿಒ-8 ಡ್ರೈವ್‌ಗಳಲ್ಲಿ ಹೊಸ ಎಲ್‌ಟಿಒ-7 ಕಾರ್ಟ್ರಿಡ್ಜನ್ನು 9 ಟಿಬಿಗೆ ಹಿಗ್ಗಿಸಿ ಬಳಸುವ ಎಂ8 ಎಂಬ ಬಗೆಯೂ ಇದೆ; ಅದನ್ನು ಎಲ್‌ಟಿಒ-7 ಡ್ರೈವ್ ಓದದು, ಒಂಬತ್ತೂ ಓದದು. ಉಳಿತಾಯವೆಂದು ಎಂ8 ಆರಿಸಿದವರು ಆ ಎಲ್‌ಟಿಒ-8 ಡ್ರೈವನ್ನು ಟೇಪ್‌ಗಳ ಅವಧಿ ಮುಗಿಯುವವರೆಗೂ ಉಳಿಸಿಕೊಳ್ಳಬೇಕು. ತದ್ರೂಪು ದಾರಿಯಲ್ಲಿ ಹೋಗುವವರು ಮುಂದಿನ ಡ್ರೈವ್ ಖರೀದಿಯನ್ನೂ ಇಂದೇ ಯೋಚಿಸಬೇಕು. ಡ್ರೈವ್ ಬದಲಾದರೆ ವರ್ಚುವಲ್ ಟೇಪ್‌ಗಳ ಗಾತ್ರ ಮತ್ತು ಬಗೆಯನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ.

ಎಲ್‌ಟಿಒ-9 ಬಳಸುವವರಿಗೆ ಇನ್ನೊಂದು ಮಾತು. ಹೊಸ ಕಾರ್ಟ್ರಿಡ್ಜನ್ನು ಮೊದಲ ಸಲ ಹಾಕಿದಾಗ ಡ್ರೈವ್ ಅದನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಎರಡು ಗಂಟೆಯವರೆಗೂ ಹಿಡಿಯಬಹುದು. ವರ್ಚುವಲ್ ಲೈಬ್ರರಿಯ ಕಾಯುವ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಎಕ್ಸ್‌ಪೋರ್ಟ್ ವಿಫಲವಾಯಿತೆಂದು ಕೈಬಿಡುತ್ತದೆ. ಹೊಸ ಕಾರ್ಟ್ರಿಡ್ಜ್‌ಗಳನ್ನು ಬಿಡುವಿನ ಹೊತ್ತಿನಲ್ಲಿ ಒಂದೊಂದಾಗಿ ಡ್ರೈವ್‌ಗೆ ಹಾಕಿ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ದಾರಿ: ಸಣ್ಣ ವರ್ಚುವಲ್ ಟೇಪ್, ದೊಡ್ಡ ಕಾರ್ಟ್ರಿಡ್ಜ್

ಬ್ಯಾಕಪ್ ತಂತ್ರಾಂಶವೇ ನಕಲಿಸುವುದಾದರೆ ವರ್ಚುವಲ್ ಟೇಪನ್ನು 12 ಟಿಬಿಗೆ ಹಿಗ್ಗಿಸಲು ಒಂದೂ ಕಾರಣವಿಲ್ಲ. ಸಣ್ಣದಾಗಿಡಲು ಹಲವು ಕಾರಣಗಳಿವೆ.

ವರ್ಚುವಲ್ ಆದರೂ ಅದು ಟೇಪೇ. ಒಂದು ಹೊತ್ತಿಗೆ ಒಂದೇ ಡ್ರೈವ್‌ನಲ್ಲಿರಬಲ್ಲದು. ಅದಕ್ಕೆ ಬ್ಯಾಕಪ್ ಬರೆಯುತ್ತಿರುವಾಗ ಅದರಲ್ಲಿರುವ ನಿನ್ನೆಯ ಕಡತವನ್ನು ಯಾರಾದರೂ ಕೇಳಿದರೆ, ಬರೆದು ಮುಗಿಯುವವರೆಗೂ ಕಾಯಬೇಕು. ಎಲ್ಲವನ್ನೂ ನಾಲ್ಕು ದೈತ್ಯ ಟೇಪ್‌ಗಳಲ್ಲಿ ತುಂಬಿದವರಿಗೆ ಈ ಕಾಯುವಿಕೆ ದಿನನಿತ್ಯದ ಪಾಡು. ಇನ್ನು ಜಾಗದ ಮಾತು: ಒಂದು ಟೇಪ್‌ನಲ್ಲಿ ವಾರದ ಅವಧಿಯವು, ತಿಂಗಳಿನವು ಬೆರೆತಿದ್ದರೆ ಕೊನೆಯದರ ಅವಧಿ ಮುಗಿಯುವವರೆಗೂ ಆ ಟೇಪ್ ಮರುಬಳಕೆಗೆ ಸಿಗದು. 200 ಜಿಬಿಯ ಟೇಪ್ ಬೇಗ ತುಂಬಿ, ಬೇಗ ಖಾಲಿಯಾಗುತ್ತದೆ.

ಹಾಗೆಂದು ತುಂಬ ಸಣ್ಣದೂ ಬೇಡ. 100 ಟಿಬಿ ಸಂಗ್ರಹಕ್ಕೆ 200 ಜಿಬಿಯಂತೆ 500 ಟೇಪ್ ಬೇಕು. 50 ಜಿಬಿಯಂತೆ 2000. ಪ್ರತಿಯೊಂದಕ್ಕೂ ಸ್ಲಾಟ್, ಬಾರ್‌ಕೋಡ್, ಕ್ಯಾಟಲಾಗ್ ದಾಖಲೆ ಬೇಕು, ಲೈಬ್ರರಿಯ ಮಿತಿಗೂ ಒಳಪಡಬೇಕು. ದಿನದ ಬ್ಯಾಕಪ್‌ಗಳಲ್ಲಿ ಹೆಚ್ಚಿನವು ಒಂದೆರಡು ಟೇಪ್‌ಗಳಲ್ಲಿ ಹಿಡಿಯುವಂತೆ, ಅತಿ ದೊಡ್ಡದು ನಾಲ್ಕೈದು ಟೇಪ್ ದಾಟದಂತೆ ಗಾತ್ರ ಆರಿಸಿ. ರಾತ್ರಿಯ ಅತಿ ದೊಡ್ಡ ಬ್ಯಾಕಪ್ 600 ಜಿಬಿ ಇದ್ದು, ಉಳಿದವು 80 ಜಿಬಿಯ ಒಳಗಿದ್ದರೆ 200 ಜಿಬಿ ಹದವಾದ ಗಾತ್ರ.

ಡ್ರೈವ್‌ನ ಗುರುತಿನ ಬಗ್ಗೆ ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಅಮೆಜಾನ್‌ನ ವರ್ಚುವಲ್ ಟೇಪ್ ಸೇವೆಯಾದ ಟೇಪ್ ಗೇಟ್‌ವೇ ನೋಡಿ. ಅದು ತನ್ನನ್ನು ಐಬಿಎಂನ ಎಲ್‌ಟಿಒ-5 ಡ್ರೈವ್ ಎಂದು ಪರಿಚಯಿಸಿಕೊಳ್ಳುತ್ತದೆ. ನಿಜವಾದ ಎಲ್‌ಟಿಒ-5 ಕಾರ್ಟ್ರಿಡ್ಜ್ 1.5 ಟಿಬಿ ಮಾತ್ರ. ಈ ಗೇಟ್‌ವೇಯಲ್ಲಿ 100 ಗಿಬಿಬೈಟ್‌ನಿಂದ 15 ಟೆಬಿಬೈಟ್‌ವರೆಗೆ ಯಾವ ಗಾತ್ರದ ಟೇಪನ್ನಾದರೂ ಸೃಷ್ಟಿಸಬಹುದು. ಗುರುತು ಇರುವುದು ಕಾರ್ಯಾಚರಣೆ ವ್ಯವಸ್ಥೆ ಸರಿಯಾದ ಚಾಲಕ ತಂತ್ರಾಂಶವನ್ನು ಎತ್ತಿಕೊಳ್ಳಲಿ ಎಂದು. ಬ್ಯಾಕಪ್ ತಂತ್ರಾಂಶದ ಹೊಂದಾಣಿಕೆ ಪಟ್ಟಿಯಲ್ಲಿ ಇರುವ, ಬಹುಕಾಲದಿಂದ ಬಳಕೆಯಲ್ಲಿರುವ ಬಗೆಯನ್ನು ಆರಿಸಿದರೆ ಸಾಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಈ ದಾರಿಯಲ್ಲಿ ವರ್ಚುವಲ್ ಮತ್ತು ಭೌತಿಕ ಡ್ರೈವ್‌ಗಳ ಬಗೆ ಬೇರೆ ಬೇರೆ ಇರುವುದೇ ಲೇಸು. ನೆಟ್‌ಬ್ಯಾಕಪ್ ಎಂಬ ಬ್ಯಾಕಪ್ ತಂತ್ರಾಂಶದಲ್ಲಿ ಅರ್ಧ ಅಂಗುಲದ ಕಾರ್ಟ್ರಿಡ್ಜ್‌ಗೆ ಎಚ್‌ಕಾರ್ಟ್, ಎಚ್‌ಕಾರ್ಟ್2, ಎಚ್‌ಕಾರ್ಟ್3 ಎಂಬ ಮೂರು ಬಗೆಗಳಿವೆ. ಭೌತಿಕ ಡ್ರೈವ್‌ಗೆ ಒಂದು, ವರ್ಚುವಲ್‌ಗೆ ಇನ್ನೊಂದು ಕೊಟ್ಟರೆ ಎರಡರ ಟೇಪ್‌ಗಳು ಎಂದೂ ಬೆರೆಯುವುದಿಲ್ಲ. ಬಾರ್‌ಕೋಡ್‌ನಲ್ಲೂ ಅಷ್ಟೇ: ವರ್ಚುವಲ್ ಟೇಪ್‌ಗಳೆಲ್ಲ ವಿ ಅಕ್ಷರದಿಂದ ಶುರುವಾಗಲಿ. ಮಧ್ಯರಾತ್ರಿ ದೋಷದ ಸಂದೇಶ ಓದುವವರಿಗೆ ಯಾವ ಟೇಪ್ ಎಲ್ಲಿದೆ ಎಂಬುದು ಹೆಸರಿನಿಂದಲೇ ತಿಳಿಯುತ್ತದೆ.

ಡ್ರೈವ್‌ಗಳ ಸಂಖ್ಯೆಯನ್ನೂ ಹೊಂದಿಸಬೇಕಿಲ್ಲ. ಭೌತಿಕ ಡ್ರೈವ್ ಎರಡೇ ಇದ್ದರೂ ವರ್ಚುವಲ್ ಹದಿನಾರು ಇಟ್ಟುಕೊಳ್ಳಬಹುದು. ಪ್ರತಿ ಕೆಲಸಕ್ಕೂ ತನ್ನದೇ ಡ್ರೈವ್ ಸಿಗುವುದರಿಂದ ಹಲವು ಬ್ಯಾಕಪ್‌ಗಳನ್ನು ಒಂದೇ ಟೇಪ್‌ನಲ್ಲಿ ಹೆಣೆಯುವ ಮಲ್ಟಿಪ್ಲೆಕ್ಸಿಂಗ್ ಬೇಕಾಗುವುದಿಲ್ಲ. ಹೆಣೆದ ಸರಕು, ಮತ್ತೆ ಮತ್ತೆ ಬರುವ ಚೂರನ್ನು ಒಮ್ಮೆ ಮಾತ್ರ ಉಳಿಸುವ ಡಿಡ್ಯೂಪ್ಲಿಕೇಷನ್‌ಗೂ ಒಗ್ಗದು, ಮರಳಿ ಪಡೆಯುವಾಗಲೂ ನಿಧಾನ.

ಈ ದಾರಿಯ ಕಷ್ಟ ಇರುವುದು ವೇಗದಲ್ಲಿ. ಎಲ್‌ಟಿಒ-7 ಮತ್ತು 8ರ ಡ್ರೈವ್‌ಗಳು ಬರುವ ದತ್ತಾಂಶದ ವೇಗಕ್ಕೆ ತಕ್ಕಂತೆ ನಿಧಾನಿಸಬಲ್ಲವು, ಆದರೆ ಸೆಕೆಂಡಿಗೆ ಸುಮಾರು 100 ಎಂಬಿಯ ಆಸುಪಾಸಿನವರೆಗೆ ಮಾತ್ರ. ಅದಕ್ಕಿಂತ ಕೆಳಗಿಳಿದರೆ ಟೇಪ್ ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಮುಂದೆ ಓಡುತ್ತದೆ. ನಕಲು ಗಂಟೆಗಟ್ಟಲೆ ಎಳೆಯುತ್ತದೆ, ಟೇಪ್ ಮತ್ತು ಹೆಡ್ ಎರಡೂ ಸವೆಯುತ್ತವೆ. ಡಿಡ್ಯೂಪ್ಲಿಕೇಷನ್ ಆದ ಡಿಸ್ಕ್‌ನಿಂದ ಓದುವಾಗ ಚೂರುಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕಿ ಜೋಡಿಸಬೇಕಾದ್ದರಿಂದ ಈ ವೇಗ ಕುಸಿಯುವುದು ಸಾಮಾನ್ಯ. ಇಂದೇ ಟೇಪ್‌ಗೆ ಹೋಗಬೇಕಾದ ಬ್ಯಾಕಪ್‌ಗಳನ್ನು ಡಿಡ್ಯೂಪ್ಲಿಕೇಷನ್ ಇಲ್ಲದ ಡಿಸ್ಕ್ ಭಾಗದಲ್ಲಿ ಇಳಿಸುವುದು ಒಳ್ಳೆಯ ಪರಿಹಾರ. ಅದಕ್ಕೆ ಹೆಚ್ಚುವರಿ ಡಿಸ್ಕ್ ಬೇಕು, ನಿಜ. ಅದು ಸಾಧ್ಯವಿಲ್ಲದಿದ್ದರೆ ಎರಡು ಭೌತಿಕ ಡ್ರೈವ್‌ಗಳನ್ನು ಅರ್ಧ ಹಸಿವಿನಲ್ಲಿ ಓಡಿಸುವ ಬದಲು ಒಂದಕ್ಕೇ ಹೊಟ್ಟೆತುಂಬ ಉಣಿಸಿ. ಒಟ್ಟು ಸಮಯ ಬಹುತೇಕ ಅಷ್ಟೇ ಆಗುತ್ತದೆ, ಡ್ರೈವ್ ಉಳಿಯುತ್ತದೆ.

ಅವಧಿ ಮುಗಿದ ವರ್ಚುವಲ್ ಟೇಪ್ ತಾನಾಗಿ ಡಿಸ್ಕ್ ಜಾಗ ಬಿಟ್ಟುಕೊಡುತ್ತದೆಂದು ತಿಳಿಯಬೇಡಿ. ಬ್ಯಾಕಪ್ ತಂತ್ರಾಂಶದ ಕ್ಯಾಟಲಾಗ್‌ನಲ್ಲಿ ಅವಧಿ ಮುಗಿದಿದ್ದು ಲೈಬ್ರರಿಗೆ ಗೊತ್ತಾಗುವುದಿಲ್ಲ. ಆ ಟೇಪ್‌ಗೆ ಹೊಸ ಲೇಬಲ್ ಬರೆದಾಗ ಅಥವಾ ಮೇಲೆ ಬೇರೆ ಬ್ಯಾಕಪ್ ಬರೆದಾಗಲೇ ಹಳೆಯದು ಹೋಗುವುದು. ಅವಧಿ ಮುಗಿದ ಟೇಪ್‌ಗಳಿಗೆ ಮತ್ತೆ ಲೇಬಲ್ ಬರೆಯುವ ಕೆಲಸವನ್ನು ವೇಳಾಪಟ್ಟಿಗೆ ಸೇರಿಸಿಬಿಡಿ.

ಮೂರನೆಯ ದಾರಿ: ವರ್ಚುವಲ್ ಟೇಪ್ ಬೇಕೇ?

ಇಂದಿನ ಹೆಚ್ಚಿನ ಬ್ಯಾಕಪ್ ತಂತ್ರಾಂಶಗಳು ಸಾಮಾನ್ಯ ಡಿಸ್ಕ್‌ಗೆ ಬರೆದು, ಅಲ್ಲಿಂದ ಟೇಪ್‌ಗೆ ನಕಲಿಸಬಲ್ಲವು. ಆಗ ಗಾತ್ರ, ಗುರುತು, ಬಾರ್‌ಕೋಡ್‌ಗಳ ಈ ಕಸರತ್ತೇ ಇರುವುದಿಲ್ಲ. ಹೊಸದಾಗಿ ಕಟ್ಟುತ್ತಿರುವವರು, ಒಂದೇ ಡ್ರೈವ್ ಇರುವವರು, ವರ್ಚುವಲ್ ಲೈಬ್ರರಿಯ ಪರವಾನಗಿಗೆ ಹಣ ಹಾಕುವ ಮುನ್ನ ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಉಳಿದ ಹಣದಲ್ಲಿ ಒಂದು ಹೆಚ್ಚುವರಿ ಡ್ರೈವ್ ಬಂದರೆ ಅದರ ಉಪಯೋಗವೇ ಹೆಚ್ಚು.

ವರ್ಚುವಲ್ ಟೇಪ್ ಅನಿವಾರ್ಯವಾಗುವ ಕಡೆಗಳೂ ಇವೆ. ಟೇಪ್ ಬಿಟ್ಟು ಬೇರೆ ಗೊತ್ತಿಲ್ಲದ ಹಳೆಯ ವ್ಯವಸ್ಥೆಗಳು, ಎನ್‌ಡಿಎಂಪಿ (ಸಂಗ್ರಹಣಾ ಪೆಟ್ಟಿಗೆಗಳ ಬ್ಯಾಕಪ್‌ಗೆಂದೇ ಇರುವ ಸಂವಹನ ನಿಯಮ) ಮೂಲಕ ನೇರವಾಗಿ ಟೇಪ್‌ಗೆ ಬರೆಯುವ ಸಂಗ್ರಹಣಾ ಪೆಟ್ಟಿಗೆಗಳು, ಫೈಬರ್ ಚಾನೆಲ್ ಎಂಬ ಸಂಗ್ರಹಣಾ ಜಾಲದ ಮೇಲೆಯೇ ಎಲ್ಲ ಬ್ಯಾಕಪ್ ನಡೆಸುವ ದೊಡ್ಡ ಕೇಂದ್ರಗಳು. ಇನ್ನೊಂದು ಅಂಶವನ್ನೂ ನ್ಯಾಯವಾಗಿ ಹೇಳಬೇಕು: ಕಡತ ವ್ಯವಸ್ಥೆಯಾಗಿ ತೆರೆದಿರುವ ಬ್ಯಾಕಪ್ ಡಿಸ್ಕನ್ನು ದಾಳಿಕೋರರು ಅಳಿಸುವುದು ಸುಲಭ, ಟೇಪ್‌ನಂತೆ ಕಾಣುವುದನ್ನು ಅಳಿಸುವುದು ಸ್ವಲ್ಪ ಕಷ್ಟ. ಆದರೆ ಆ ಸ್ವಲ್ಪವನ್ನೇ ನಂಬಿ ಕೂರಬಾರದು. ಲೈಬ್ರರಿಯಿಂದ ಹೊರತೆಗೆದು ಕಪಾಟಿನಲ್ಲಿಟ್ಟ ಕಾರ್ಟ್ರಿಡ್ಜ್‌ಗೆ ಸಮನಾದ ರಕ್ಷಣೆ ಇವೆರಡರಲ್ಲೂ ಇಲ್ಲ.

ಬ್ಲಾಕ್, ಕಂಪ್ರೆಷನ್, ಎನ್‌ಕ್ರಿಪ್ಷನ್

ಗಾತ್ರಕ್ಕಿಂತಲೂ ಅಪಾಯಕಾರಿಯಾದ ಹೊಂದಾಣಿಕೆ ಬ್ಲಾಕ್ ಗಾತ್ರದ್ದು, ಏಕೆಂದರೆ ಅದು ಬರೆಯುವಾಗ ತೊಂದರೆ ಕೊಡುವುದಿಲ್ಲ, ಓದುವಾಗ ಕೊಡುತ್ತದೆ. ಬಕ್ಯುಲಾ ಎಂಬ ಬ್ಯಾಕಪ್ ತಂತ್ರಾಂಶ ಬಹುಕಾಲದಿಂದ 64,512 ಬೈಟ್‌ಗಳ ಬ್ಲಾಕನ್ನು ಪೂರ್ವನಿಗದಿಯಾಗಿ ಬಳಸುತ್ತಾ ಬಂದಿದೆ. ಬೇರೆ ಹಲವರು 256 ಕೆಬಿ ಬಳಸುತ್ತಾರೆ, ಕೆಲವರು 1 ಎಂಬಿ. ದೊಡ್ಡ ಬ್ಲಾಕ್‌ನಿಂದ ವೇಗದ ಡ್ರೈವ್‌ಗಳಿಗೆ ಅನುಕೂಲ ಎಂಬುದು ನಿಜ. ಆದರೆ ವರ್ಚುವಲ್ ಡ್ರೈವ್ 1 ಎಂಬಿ ಬ್ಲಾಕನ್ನು ಒಪ್ಪಿತೆಂದ ಮಾತ್ರಕ್ಕೆ, ಮರಳಿ ಪಡೆಯುವ ದಿನ ಸಿಗುವ ಯಾವುದೋ ಸರ್ವರ್‌ನ ಅಡಾಪ್ಟರ್ ಕಾರ್ಡ್ ಅದನ್ನು ಒಪ್ಪಬೇಕೆಂದಿಲ್ಲ. ಎಕ್ಸ್‌ಪೋರ್ಟ್‌ನಲ್ಲಿ ಬ್ಲಾಕ್‌ಗಳು ಇದ್ದ ಹಾಗೆಯೇ ಕಾರ್ಟ್ರಿಡ್ಜ್‌ಗೆ ಹೋಗುವುದರಿಂದ ಅಲ್ಲಿ ಈ ಅಪಾಯ ಹೆಚ್ಚು.

ಲಿನಕ್ಸ್‌ನಲ್ಲಿ ಇದು ಹೇಗೆ ಕಾಣುತ್ತದೆಂದು ತಿಳಿದಿದ್ದರೆ ಗಾಬರಿಯಾಗುವುದಿಲ್ಲ. 256 ಕೆಬಿ ಬ್ಲಾಕ್‌ನಲ್ಲಿ ಬರೆದ ಟೇಪನ್ನು 64 ಕೆಬಿ ಎಂದು ಹೇಳಿ ಓದಲು ಹೋದರೆ, ಮೆಮೊರಿ ಹಂಚಲಾಗುತ್ತಿಲ್ಲ ಎಂಬ ಅರ್ಥದ ದೋಷ ಬರುತ್ತದೆ. ಸರ್ವರ್‌ನಲ್ಲಿ ಮೆಮೊರಿ ಬೇಕಾದಷ್ಟಿರುತ್ತದೆ. ಟೇಪ್‌ನ ಬ್ಲಾಕ್ ಓದಲು ಕೊಟ್ಟ ಜಾಗಕ್ಕಿಂತ ದೊಡ್ಡದಿದೆ ಎಂಬುದಷ್ಟೇ ಆ ಸಂದೇಶದ ಹುರುಳು. ದೊಡ್ಡ ಗಾತ್ರ ಕೊಟ್ಟು ಮತ್ತೆ ಓದಿದರೆ ಬರುತ್ತದೆ. ಡ್ರೈವನ್ನು ಬದಲಾಗುವ ಗಾತ್ರದ ಬ್ಲಾಕ್ ವಿಧಾನದಲ್ಲಿ ಇಡಿ, ಅಂದರೆ ಬ್ಲಾಕ್ ಗಾತ್ರ ಸೊನ್ನೆ. ಬ್ಯಾಕಪ್ ತಂತ್ರಾಂಶದಲ್ಲಿ 256 ಕೆಬಿಯನ್ನು ಎರಡೂ ಕಡೆ ಸಮನಾಗಿಡಿ. ವೇಗ ಸಾಲದೆಂದು ಅಳೆದು ಖಚಿತವಾದ ಮೇಲೆಯೇ 1 ಎಂಬಿಗೆ ಹೋಗಿ.

ಕಂಪ್ರೆಷನ್ ಒಂದೇ ಕಡೆ ಇರಲಿ. ಸರ್ವರ್‌ನಲ್ಲಿ ಕುಗ್ಗಿಸಿ ಕಳುಹಿಸಿದ್ದನ್ನು ಡಿಡ್ಯೂಪ್ಲಿಕೇಷನ್ ಸರಿಯಾಗಿ ಗುರುತಿಸಲಾರದು, ಡ್ರೈವ್ ಮತ್ತೆ ಕುಗ್ಗಿಸಲಾರದು.

ಎನ್‌ಕ್ರಿಪ್ಷನ್ ಕೂಡ ಭೌತಿಕ ಡ್ರೈವ್‌ನಲ್ಲೇ ಇರುವುದು ಮೇಲು. ಎಲ್‌ಟಿಒ-4ರಿಂದ ಈಚಿನ ಡ್ರೈವ್‌ಗಳ ವಿನ್ಯಾಸದಲ್ಲಿ 256 ಬಿಟ್ ಎಇಎಸ್ ಸೇರಿದೆ, ವೇಗಕ್ಕೆ ಅದರಿಂದ ಗಮನಾರ್ಹ ಹೊರೆಯಾಗದು. ಡ್ರೈವ್ ಮೊದಲು ಕುಗ್ಗಿಸಿ ಆಮೇಲೆ ಎನ್‌ಕ್ರಿಪ್ಟ್ ಮಾಡುವುದರಿಂದ ಜಾಗವೂ ಉಳಿಯುತ್ತದೆ. ವರ್ಚುವಲ್ ಲೈಬ್ರರಿ ಎಕ್ಸ್‌ಪೋರ್ಟ್ ಮಾಡುವಾಗ ತಾನೇ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವಿದ್ದರೆ ಅದನ್ನು ಬಳಸುವ ಮುನ್ನ ಎರಡು ಸಲ ಯೋಚಿಸಿ. ಹಾಗೆ ಬರೆದ ಕಾರ್ಟ್ರಿಡ್ಜನ್ನು ಮತ್ತೆ ಅದೇ ಲೈಬ್ರರಿಯ ಮೂಲಕವೇ ಓದಬೇಕಾಗಬಹುದು. ಮೊದಲ ಅಳತೆಗೋಲಿನಲ್ಲಿ ಆ ಆಯ್ಕೆ ಅಲ್ಲಿಗೇ ಬಿದ್ದುಹೋಗುತ್ತದೆ. ಕೀಲಿಗಳನ್ನಂತೂ ಬ್ಯಾಕಪ್ ಆಗುತ್ತಿರುವ ಅದೇ ಸರ್ವರ್‌ಗಳಲ್ಲಿ ಮಾತ್ರ ಇಟ್ಟಿರಬಾರದು.

ಯಾರಿಗೆ ಯಾವುದು

ರಾತ್ರಿಗೆ ಒಂದೆರಡು ಟಿಬಿ, ಒಂದೇ ಡ್ರೈವ್, ನೋಡಿಕೊಳ್ಳಲು ಒಬ್ಬರು ಅಥವಾ ಇಬ್ಬರು ಇರುವ ಕಡೆ ನಾನು ಮೂರನೆಯ ದಾರಿಯನ್ನೇ ಹೇಳುತ್ತೇನೆ. ತಂತ್ರಾಂಶ ಟೇಪನ್ನೇ ಕೇಳಿದರೆ ಎರಡನೆಯದು. ಎಂಎಚ್‌ವಿಟಿಎಲ್‌ನಂತಹ ಮುಕ್ತ ವರ್ಚುವಲ್ ಲೈಬ್ರರಿ ತಂತ್ರಾಂಶ ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಯೋಗಕ್ಕೆ, ಸಂರಚನೆಯನ್ನು ಪರೀಕ್ಷಿಸಿ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಉತ್ಪಾದನೆಯ ಬ್ಯಾಕಪ್‌ಗಳನ್ನು ಮಾತ್ರ ಬೆಂಬಲ ಸಿಗುವ ಉತ್ಪನ್ನದ ಮೇಲೆ ಇಡಿ.

ನಾಲ್ಕಾರು ಭೌತಿಕ ಡ್ರೈವ್‌ಗಳಿದ್ದು, ಹಲವು ಅವಧಿಗಳ ಬ್ಯಾಕಪ್‌ಗಳಿದ್ದು, ಕಡತಗಳನ್ನು ಆಗಾಗ ಮರಳಿ ಕೇಳುವವರಿದ್ದರೆ ಎರಡನೆಯ ದಾರಿಗೆ ಸಾಟಿಯಿಲ್ಲ. ಕಾರ್ಟ್ರಿಡ್ಜ್ ಖರ್ಚು ಕೂಡ ಇಲ್ಲಿ ಕಡಿಮೆ, ಏಕೆಂದರೆ ಪ್ರತಿಯೊಂದೂ ಅಂಚಿನವರೆಗೆ ತುಂಬುತ್ತದೆ. ತದ್ರೂಪು ದಾರಿಯಲ್ಲಿ ಅರ್ಧ ತುಂಬಿದ ವರ್ಚುವಲ್ ಟೇಪ್ ಹೊರಗೆ ಹೋಗಬೇಕಾದರೂ ಇಡೀ ಕಾರ್ಟ್ರಿಡ್ಜ್ ಕೊಡಬೇಕು.

ಮೊದಲ ದಾರಿ ಆರಿಸಬೇಕಾದವರು ಕಡಿಮೆ, ಆದರೆ ಅವರಿಗೆ ಅದು ನಿಜವಾಗಿಯೂ ಬೇಕು. ಬ್ಯಾಕಪ್ ಸರ್ವರ್ ಈಗಾಗಲೇ ದಣಿದಿದೆ, ಹೊರಗೆ ಹೋಗುವ ಪ್ರಮಾಣ ದೊಡ್ಡದು, ಎಲ್ಲದರ ಅವಧಿ ಒಂದೇ, ಮುಂದಿನ ನಾಲ್ಕೈದು ವರ್ಷ ಡ್ರೈವ್ ಬದಲಾಗುವುದಿಲ್ಲ. ಈ ನಾಲ್ಕೂ ಕೂಡಿಬಂದರೆ ಹಿಂಜರಿಯಬೇಡಿ. ಮೂರೇ ಇದ್ದರೆ ಎರಡನೆಯದಕ್ಕೆ ಹೋಗಿ.

ಯಾವುದನ್ನೇ ಆರಿಸಿದರೂ ಚಾಲನೆ ಕೊಡುವ ಮುನ್ನ ಎರಡು ಪರೀಕ್ಷೆ ಮಾಡಿ. ಎಕ್ಸ್‌ಪೋರ್ಟ್ ಮಾಡುವವರು ಕುಗ್ಗದಂತಹ ಯಾದೃಚ್ಛಿಕ ದತ್ತಾಂಶದಿಂದ ಒಂದು ವರ್ಚುವಲ್ ಟೇಪನ್ನು ಕೊನೆಯ ಬ್ಲಾಕ್‌ವರೆಗೆ ತುಂಬಿ ಕಾರ್ಟ್ರಿಡ್ಜ್‌ಗೆ ಇಳಿಸಿ ನೋಡಲಿ. ಅದು ಹಿಡಿದರೆ ಬೇರೆ ಯಾವುದೂ ಹಿಡಿಯದಿರುವುದಿಲ್ಲ. ಎರಡನೆಯ ಪರೀಕ್ಷೆ ಎಲ್ಲರಿಗೂ. ವರ್ಚುವಲ್ ಲೈಬ್ರರಿಯನ್ನು ಪೂರ್ತಿ ಸ್ವಿಚ್ ಆಫ್ ಮಾಡಿ. ಬೇರೊಂದು ಸರ್ವರ್‌ಗೆ ಭೌತಿಕ ಡ್ರೈವನ್ನು ಜೋಡಿಸಿ, ಬ್ಯಾಕಪ್ ತಂತ್ರಾಂಶವನ್ನು ಹೊಸದಾಗಿ ಸ್ಥಾಪಿಸಿ, ಕ್ಯಾಟಲಾಗನ್ನೂ ಟೇಪ್‌ನಿಂದಲೇ ಮರಳಿ ತೆಗೆದು, ಕಾರ್ಟ್ರಿಡ್ಜ್‌ನ ಆರಂಭದಿಂದ ಒಂದು ಕಡತ, ತೀರಾ ಕೊನೆಯಿಂದ ಒಂದು ಕಡತ ಹೊರತೆಗೆದು ಮೂಲದೊಂದಿಗೆ ಹೋಲಿಸಿ. ಅಲ್ಲಿ ಬಳಸಿದ ಬ್ಲಾಕ್ ಗಾತ್ರ, ಡ್ರೈವ್‌ನ ತಲೆಮಾರು, ಕೀಲಿ ಇರುವ ಜಾಗ, ತೆಗೆದುಕೊಂಡ ಗಂಟೆಗಳು, ಇವಿಷ್ಟನ್ನೂ ಕಾಗದದ ಮೇಲೆ ಬರೆದು ಕಾರ್ಟ್ರಿಡ್ಜ್‌ಗಳ ಜೊತೆಗೇ ಇಡಿ.